ಹೊಸ ಎನಿಮೋನ್ ಬಾಯಿ ಮುಚ್ಚುತ್ತಿಲ್ಲ: ಔಷಧಿ ಕೊಡಲೇ, ಕಾಯಲೇ?

ದಂತವೈದ್ಯ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಅರ್ಧ ಮಾಹಿತಿ ಕೊಟ್ಟು ಸಲಹೆ ಕೇಳುವುದು ಸರಿಯಲ್ಲ ಎಂಬುದು ನನ್ನ ರೋಗಿಗಳಿಂದಲೇ ನಾನು ಕಲಿತಿರುವ ವಿಷಯ.

ನನ್ನ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಯಲ್ಲಿ ನಾಲ್ಕು ಅಡಿ ಉದ್ದದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಉಪ್ಪುನೀರಿನ ತೊಟ್ಟಿ ಇದೆ. ಕೆಳಗಿನ ಸಂಪ್ (ನೀರು ಶೋಧಿಸುವ ಚಿಕ್ಕ ತೊಟ್ಟಿ) ಸೇರಿಸಿದರೆ ಸುಮಾರು 230 ಲೀಟರ್ ನೀರು. ಶುರು ಮಾಡಿ ಹದಿನಾಲ್ಕು ತಿಂಗಳಾಯಿತು. ಒಂದು ಜೋಡಿ ಆಸೆಲ್ಲಾರಿಸ್ ಕ್ಲೌನ್ ಮೀನು, ಎರಡು ಹಳದಿ ಬಾಲದ ಡ್ಯಾಮ್ಸೆಲ್, ಒಂದು ಕ್ಲೀನರ್ ಸಿಗಡಿ, ಕೆಲವು ಬಸವನಹುಳು ಮತ್ತು ಸನ್ಯಾಸಿ ಏಡಿಗಳಿವೆ. ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳು ಅಳು ಮರೆತು ನೋಡುತ್ತಾ ನಿಲ್ಲುವುದು ಈ ತೊಟ್ಟಿಯ ಮುಂದೆಯೇ. ಕ್ಲೌನ್ ಮೀನಿಗೆ ಮನೆ ಎಲ್ಲಿ ಎಂದು ಎಲ್ಲ ಮಕ್ಕಳೂ ಕೇಳುತ್ತಾರೆ. ಆ ಪ್ರಶ್ನೆಗಾಗಿಯೇ ನಾನು ಎನಿಮೋನ್ ತಂದೆ; ಆ ಮೀನು ಮನೆ ಮಾಡಿಕೊಳ್ಳುವ, ಹೂವಿನಂತೆ ಕಾಣುವ ಕಡಲಜೀವಿ ಅದು.

ತಂದಿದ್ದು ಬಬಲ್ ಟಿಪ್ ಜಾತಿ. ಬೆಂಗಳೂರಿನಿಂದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ರೈಲಿನಲ್ಲಿ, ನಾನೇ ತೊಡೆಯ ಮೇಲಿಟ್ಟುಕೊಂಡು ತಂದೆ. ಅಂಗಡಿಯಲ್ಲಿ ಕೆನೆ ಬಣ್ಣಕ್ಕಿತ್ತು, ತುದಿಗಳಲ್ಲಿ ಮಾತ್ರ ತೆಳು ಹಸಿರು. ನನ್ನ ಕಣ್ಣಿಗೆ ಬಹಳ ಚೆಲುವಾಗಿ ಕಂಡಿತು. ಒಂದು ಗಂಟೆ ಕಾಲ ಹನಿಹನಿಯಾಗಿ ನೀರು ಸೇರಿಸಿ ಹೊಂದಿಸಿ, ನಂತರ ಬಂಡೆಯ ಪಕ್ಕ ಬಿಟ್ಟೆ. ಮೊದಲ ದಿನ ಅಂಟಿಕೊಂಡಿತು. ಎರಡನೆಯ ದಿನ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಸಿಗಡಿ ತುಂಡು ಕೊಟ್ಟೆ. ನುಂಗಿತು. ಮರುದಿನ ಬೆಳಿಗ್ಗೆ ಆ ತುಂಡು ಲೋಳೆ ಸುತ್ತಿಕೊಂಡು ಮರಳಿನ ಮೇಲೆ ಬಿದ್ದಿತ್ತು. ಮೂರನೆಯ ದಿನ ತಾನಾಗಿ ಸರಿದು ಬಂಡೆಯ ಹಿಂದಿನ ನೆರಳಿಗೆ ಹೋಯಿತು. ಐದನೆಯ ದಿನದಿಂದ ಸಂಜೆ ಕುಗ್ಗಿ ಬೆಳಿಗ್ಗೆ ಅರಳುತ್ತಿದೆ. ಇವತ್ತಿಗೆ ಹನ್ನೊಂದು ದಿನ. ಅದರ ಬೆರಳುಗಳು, ಅಂದರೆ ಬಾಯಿಯ ಸುತ್ತಲಿನ ಎಳೆಗಳು, ಶ್ಯಾವಿಗೆಯಂತೆ ತೆಳ್ಳಗೆ ಜೋತುಬಿದ್ದಿವೆ, ಬಾಯಿ ಪೆನ್ಸಿಲ್ ತೂರುವಷ್ಟು ತೆರೆದಿದೆ. ನಿನ್ನೆ ಬಾಯಿಯಿಂದ ಕಂದು ಬಣ್ಣದ ಲೋಳೆ ದಾರ ದಾರವಾಗಿ ಬಂತು. ದೊಡ್ಡ ಕ್ಲೌನ್ ಮೀನು, ಅಂದರೆ ಹೆಣ್ಣು, ದಿನವಿಡೀ ಅದರೊಳಗೆ ನುಗ್ಗಿ ಮೈ ಉಜ್ಜುತ್ತದೆ.

ನೀರಿನ ಲೆಕ್ಕ: ತಾಪಮಾನ 26 ಡಿಗ್ರಿ, ಉಪ್ಪಿನ ಸಾಂದ್ರತೆ 1.025, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 15, ಪಿಎಚ್ 8.1, ಕೆಎಚ್ (ನೀರಿನ ಕ್ಷಾರತೆ) 8. ಎಲ್‌ಇಡಿ ದೀಪ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ಪೂರ್ತಿ ಉರಿಯುತ್ತದೆ.

ಔಷಧಿ ಕಪಾಟಿನಲ್ಲಿ ಸಿಪ್ರೋಫ್ಲೋಕ್ಸಾಸಿನ್ ಎಂಬ ಆಂಟಿಬಯಾಟಿಕ್ ಇದೆ. ಎನಿಮೋನಿಗೆ ಅದನ್ನು ಕೊಡುತ್ತಾರೆಂದು ಓದಿದ್ದೇನೆ. ಕೈ ಅತ್ತ ಹೋಗುತ್ತಿದೆ. ಕೊಡಲೇ?

---

ಉಪ್ಪುನೀರು_ಬೆಂಗಳೂರು

ಸರ್, ನನ್ನ ಮಾತು ಕಠಿಣ ಅನ್ನಿಸಿದರೆ ಕ್ಷಮಿಸಿ. ಈಗಲೇ ಹೊರಗೆ ತೆಗೆಯಿರಿ. ಕಳೆದ ವರ್ಷ ನನ್ನ ತೊಟ್ಟಿಯಲ್ಲಿ ಮ್ಯಾಗ್ನಿಫಿಕಾ ಎನಿಮೋನ್ ಹೀಗೇ ಅಲೆದಾಡಿ ಶನಿವಾರ ರಾತ್ರಿ ವೇವ್‌ಮೇಕರಿಗೆ (ನೀರಿನಲ್ಲಿ ಅಲೆ ಎಬ್ಬಿಸುವ ಪಂಪಿಗೆ) ಸಿಕ್ಕಿಕೊಂಡಿತು. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ನೀರು ಅಕ್ಕಿ ತೊಳೆದ ನೀರಿನ ಹಾಗಾಗಿತ್ತು. ಆರು ಮೀನು ಸತ್ತಿದ್ದವು. ಉಳಿದಿದ್ದು ಎರಡು ಸನ್ಯಾಸಿ ಏಡಿ ಮಾತ್ರ. ಸತ್ತ ಎನಿಮೋನ್ ಕರಗುವ ವೇಗ ನೋಡದವರಿಗೆ ಗೊತ್ತಾಗುವುದಿಲ್ಲ. ನಾಲ್ಕು ವರ್ಷ ಸಾಕಿದ ಮೀನುಗಳನ್ನು ನಾನು ಒಂದು ರಾತ್ರಿಯಲ್ಲಿ ಕಳೆದುಕೊಂಡೆ. ನಿಮಗೆ ಹಾಗಾಗಬಾರದು.

ತೆಗೆಯಲು ಮನಸ್ಸಿಲ್ಲದಿದ್ದರೆ, ಇವತ್ತು ಕ್ಲಿನಿಕ್ ಬಾಗಿಲು ಹಾಕುವ ಮೊದಲು ವೇವ್‌ಮೇಕರಿನ ಬಾಯಿಗೆ ಸ್ಪಂಜಿನ ಕವಚವನ್ನಾದರೂ ಹಾಕಿ. ಇದನ್ನು ನಾಳೆಗೆ ಬಿಡಬೇಡಿ.

---

ಕಡಲತಡಿ_ಮಂಗಳೂರು

ಡಾಕ್ಟರೇ, ಮೇಲಿನವರು ಹೇಳಿದ ಸ್ಪಂಜಿನ ಮಾತು ನೂರಕ್ಕೆ ನೂರು ಸರಿ, ಮೊದಲು ಅದನ್ನು ಮುಗಿಸಿ ಬನ್ನಿ. ಆದರೆ ಈಗಲೇ ಹೊರಗೆ ತೆಗೆಯಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಹನ್ನೊಂದು ವರ್ಷದಿಂದ ಉಪ್ಪುನೀರಿನ ತೊಟ್ಟಿ ಸಾಕುತ್ತಿದ್ದೇನೆ. ಮೊದಲ ಮೂರು ಎನಿಮೋನುಗಳನ್ನು ಕಳೆದುಕೊಂಡೆ. ಆ ಮೂರರಲ್ಲಿ ಎರಡನ್ನು ಕೊಂದದ್ದು ರೋಗವಲ್ಲ, ನನ್ನ ಗಾಬರಿ. ಬಂಡೆಯಿಂದ ಕಿತ್ತು ಬಕೆಟ್ಟಿಗೆ ಹಾಕುವಾಗ ಕಲ್ಲಿಗೆ ಅಂಟಿಕೊಳ್ಳುವ ಅದರ ಪಾದ ಹರಿಯಿತು. ಪಾದ ಹರಿದ ಎನಿಮೋನ್ ಬದುಕುವುದು ಬಹಳ ಕಷ್ಟ. ಆ ನೋವು ನನಗೆ ಇನ್ನೂ ಇದೆ, ಹಾಗಾಗಿ ನಿಮ್ಮ ಪತ್ರ ನೋಡಿದ ಕೂಡಲೇ ಬರೆಯಲು ಕುಳಿತೆ.

ಕುಗ್ಗುವುದಕ್ಕೂ ಸಾಯುವುದಕ್ಕೂ ಬಹಳ ಅಂತರವಿದೆ. ಎನಿಮೋನಿಗೆ ಇರುವುದು ಒಂದೇ ದ್ವಾರ. ಊಟ ಹೋಗುವುದೂ ಅಲ್ಲೇ, ಕಸ ಬರುವುದೂ ಅಲ್ಲೇ. ಒಳಗಿನ ಹಳೆಯ ನೀರನ್ನೆಲ್ಲ ಹೊರಗೆ ತಳ್ಳಿ ಹೊಸ ನೀರು ತುಂಬಿಕೊಳ್ಳಲು ಅದು ಚೀಲದಂತೆ ಮುದುಡಲೇಬೇಕು. ಆರೋಗ್ಯವಂತ ಎನಿಮೋನೂ ಹೀಗೆ ಮಾಡುತ್ತದೆ, ಕೆಲವು ಗಂಟೆಗಳಲ್ಲಿ ಮತ್ತೆ ಅರಳುತ್ತದೆ. ನಿಮ್ಮದರಲ್ಲಿ ನನಗೆ ಚಿಂತೆಯಾಗಿರುವುದು ಕುಗ್ಗುವ ವಿಷಯವಲ್ಲ. ಅರಳಿದಾಗಲೂ ಬಾಯಿ ತೆರೆದೇ ಇರುವುದು ಮತ್ತು ಬೆರಳುಗಳು ಜೋತುಬಿದ್ದಿರುವುದು ಚಿಂತೆಯ ವಿಷಯ.

ಹೊರಗೆ ತೆಗೆಯುವ ತೀರ್ಮಾನವನ್ನು ಹೀಗೆ ಮಾಡಿ. ಕೈಗವಸು ಹಾಕಿಕೊಳ್ಳಿ, ಅದು ನಿಮ್ಮ ಬಳಿ ಬೇಕಾದಷ್ಟಿರುತ್ತದೆ. ಒಂದು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಹಿಂದೆ ಸರಿದರೆ, ಪಾದ ಕಲ್ಲನ್ನು ಹಿಡಿದಿದ್ದರೆ, ಜೀವ ಗಟ್ಟಿಯಾಗಿದೆ. ಮುಟ್ಟಿದ ಜಾಗ ಕೊಳೆತ ಬಾಳೆಹಣ್ಣಿನಂತೆ ಬಿಟ್ಟುಕೊಂಡು ನೀರಿನಲ್ಲಿ ಹರಡಿದರೆ, ಹೊಟ್ಟೆಯೊಳಗಿನದು ಹೊರಗೆ ಬಂದು ದಿನವಿಡೀ ಒಳಗೆ ಹೋಗದಿದ್ದರೆ, ಪಾದ ಕಳಚಿ ಅಲೆಗೆ ಉರುಳುತ್ತಿದ್ದರೆ, ಅಲ್ಲಿಗೆ ಮುಗಿಯಿತು, ಒಂದು ಗಂಟೆಯನ್ನೂ ಕಾಯಬೇಡಿ. ಅನುಮಾನವಿದ್ದರೆ ಅದರ ಪಕ್ಕದ ನೀರನ್ನು ಪಿಚಕಾರಿಯಲ್ಲಿ ಎಳೆದು ಮೂಸಿ ನೋಡಿ. ಸತ್ತದ್ದಾದರೆ ಆ ನಾತಕ್ಕೆ ನೀವೇ ಮುಖ ಹಿಂದಕ್ಕೆ ತೆಗೆಯುತ್ತೀರಿ.

ಈಗ ಬಣ್ಣದ ಮಾತು. ಕೆನೆ ಬಣ್ಣ ಚೆಲುವು ಎಂದಿರಿ. ಅದು ಚೆಲುವಲ್ಲ, ಹಸಿವು. ಬಬಲ್ ಟಿಪ್ ಎನಿಮೋನಿನ ಸಹಜ ಬಣ್ಣದಲ್ಲಿ ಕಂದು ಇದ್ದೇ ಇರುತ್ತದೆ, ಏಕೆಂದರೆ ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಲ್ಲಿ ಸಕ್ಕರೆ ತಯಾರಿಸಿ ಮನೆಯೊಡತಿಗೆ ಬಾಡಿಗೆ ಕೊಡುವಂತೆ ಕೊಡುತ್ತವೆ. ಸಮುದ್ರದಿಂದ ತೆಗೆದಂದಿನಿಂದ ನಿಮ್ಮ ಕೈ ಸೇರುವವರೆಗೆ ಮೂರ್ನಾಲ್ಕು ಕೈ ಬದಲಾಗುತ್ತದೆ. ಕತ್ತಲೆ ಚೀಲ, ಮಂದ ಬೆಳಕಿನ ತೊಟ್ಟಿ, ಮತ್ತೆ ಚೀಲ. ಅಷ್ಟರಲ್ಲಿ ಪಾಚಿ ಖಾಲಿಯಾಗಿರುತ್ತದೆ. ನಿನ್ನೆ ಬಂದ ಕಂದು ಲೋಳೆ ಕೂಡ ಕಸದ ಜೊತೆ ಹೊರಬಿದ್ದ ಪಾಚಿಯೇ ಇರಬಹುದು. ಹೀಗೆ ಬಿಳಿಚಿಕೊಂಡದ್ದನ್ನು ತಂದು ಒಮ್ಮೆಲೇ ಹನ್ನೊಂದು ಗಂಟೆ ಪೂರ್ತಿ ಬೆಳಕಿಗೆ ಇಟ್ಟಿದ್ದೀರಿ. ಅದು ನೆರಳಿಗೆ ಓಡಿದ್ದು ಬುದ್ಧಿವಂತಿಕೆ. ದೀಪವನ್ನು ಅರ್ಧಕ್ಕಿಳಿಸಿ, ಎಂಟು ಗಂಟೆಗೆ ಮಿತಿ ಮಾಡಿ, ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ.

ಊಟ ಕೊಡಬೇಡಿ. ಬಾಯಿ ಬಿಟ್ಟುಕೊಂಡಿರುವ ಎನಿಮೋನಿಗೆ ತುರುಕಿದ ಸಿಗಡಿ ಹೊಟ್ಟೆಯಲ್ಲೇ ಕೊಳೆಯುತ್ತದೆ. ಬೆರಳು ಮತ್ತೆ ಅಂಟತೊಡಗಿದ ಮೇಲೆ ತೊಗರಿಬೇಳೆಯಷ್ಟು ಚಿಕ್ಕ ತುಂಡು, ವಾರಕ್ಕೆ ಎರಡು ಸಲ, ಪಂಪು ನಿಲ್ಲಿಸಿ ಕೊಡಿ.

ಹೆಣ್ಣು ಕ್ಲೌನ್ ಮೀನಿನಿಂದ ಅದನ್ನು ಕಾಪಾಡಿ. ಗಟ್ಟಿಮುಟ್ಟಾದ ಎನಿಮೋನಿಗೆ ಆ ಮೀನು ನೆಂಟ, ಬಳಲಿದ್ದಕ್ಕೆ ಮಾತ್ರ ಹಿಂಸೆ. ತರಕಾರಿ ತೊಳೆಯುವ ಪ್ಲಾಸ್ಟಿಕ್ ತೂತಿನ ಬುಟ್ಟಿಯನ್ನು ಬೋರಲು ಹಾಕಿ ಮೇಲೆ ಕಲ್ಲಿಡಿ. ಕಬ್ಬಿಣದ ತಂತಿ ಇರುವುದು ಬೇಡ.

ಇನ್ನು ನನ್ನ ಪ್ರಶ್ನೆಗಳು. ಉಪ್ಪನ್ನು ಅಳೆದದ್ದು ಯಾವುದರಲ್ಲಿ? ಮುಳ್ಳು ಏರುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಆದರೆ ಆ 1.025 ಅನ್ನು ನಾನು ನಂಬುವುದಿಲ್ಲ. ತಾಪಮಾನ 26 ಎಂದಿರಿ. ಎಷ್ಟು ಹೊತ್ತಿಗೆ? ದಾವಣಗೆರೆಯ ಬೇಸಿಗೆಯಲ್ಲಿ ನೀವು ಎಸಿ ಆರಿಸಿ ಬೀಗ ಹಾಕಿ ಹೋದ ಮೇಲೆ ಆ ತೊಟ್ಟಿಯ ನೀರು ಎಷ್ಟು ಬಿಸಿಯಾಗುತ್ತದೆ, ಯಾರಾದರೂ ನೋಡಿದ್ದಾರೆಯೇ? ಭಾನುವಾರ? ಮೀನಿಗೆ ಬಿಳಿಚುಕ್ಕೆ ಬಂದಾಗ ಈ ತೊಟ್ಟಿಗೆ ಯಾವತ್ತಾದರೂ ತಾಮ್ರದ ಔಷಧಿ ಹಾಕಿದ್ದೀರಾ? ತಾಮ್ರ ಎನಿಮೋನಿಗೆ ವಿಷ, ಕಲ್ಲು ಮರಳಿನೊಳಗೆ ಸೇರಿಕೊಂಡು ತಿಂಗಳುಗಟ್ಟಲೆ ಉಳಿಯುತ್ತದೆ.

ಸಿಪ್ರೋಫ್ಲೋಕ್ಸಾಸಿನ್ ಕೆಲಸ ಮಾಡುತ್ತದೆ, ನಾನೂ ಒಮ್ಮೆ ಕೊಟ್ಟು ಒಂದನ್ನು ಉಳಿಸಿಕೊಂಡಿದ್ದೇನೆ. ಆದರೆ ಅದನ್ನು ದೊಡ್ಡ ತೊಟ್ಟಿಗೆ ಹಾಕುವಂತಿಲ್ಲ, ಅಮೋನಿಯಾ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಅದರಿಂದ ಪೆಟ್ಟು ಬೀಳಬಹುದು. ಬೇರೆ ತೊಟ್ಟಿ ಬೇಕು, ಬೆಳಕಿಗೆ ಔಷಧಿ ಕೆಡುವುದರಿಂದ ದೀಪ ಆರಿದ ಮೇಲೆ ಹಾಕಬೇಕು, ದಿನಾ ಪೂರ್ತಿ ನೀರು ಬದಲಿಸಬೇಕು, ಒಂದು ವಾರ. ಅದಕ್ಕೆ ಮೊದಲು ಎನಿಮೋನನ್ನು ಬಂಡೆಯಿಂದ ಬಿಡಿಸಬೇಕು. ಕಾರಣ ನೀರಿನಲ್ಲೇ ಇದ್ದರೆ ವಾಸಿಯಾದದ್ದನ್ನು ತಂದು ಮತ್ತೆ ಅದೇ ನೀರಿಗೆ ಹಾಕುತ್ತೀರಿ. ಔಷಧಿ ಕಪಾಟು ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ನೀರಿನ ನಾಡಿ ನೋಡಿ.

---

ಪ್ರಾಣಿಶಾಸ್ತ್ರ_ಕಾರವಾರ

ಮಂಗಳೂರಿನ ಮೇಡಂ ಬರೆದದ್ದಕ್ಕೆ ನಾನು ಸೇರಿಸಬೇಕಾದದ್ದು ಸ್ವಲ್ಪ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಇಳಿತದ ಹೊತ್ತಿಗೆ ಕಡಲ ಬಂಡೆಗಳ ಬಳಿ ಕರೆದೊಯ್ಯುತ್ತೇನೆ. ನೀರಿಳಿದಾಗ ಕಲ್ಲಿನ ಸಂದಿಯ ಎನಿಮೋನುಗಳು ಉಗುಳಿದ ಎಲೆಯಡಿಕೆಯ ಉಂಡೆಯಂತೆ ಮುದುಡಿ ಕುಳಿತಿರುತ್ತವೆ. ಸತ್ತಿವೆ ಎಂದೇ ಮಕ್ಕಳು ಬರೆದುಕೊಳ್ಳುತ್ತಾರೆ. ಉಬ್ಬರ ಬರುವವರೆಗೆ ಕಾದು ನಿಂತರೆ ಅದೇ ಉಂಡೆ ಕಣ್ಣೆದುರೇ ಹೂವಾಗುತ್ತದೆ.

ಇವುಗಳ ಆಯಸ್ಸಿನ ಬಗ್ಗೆ ತಿಳಿದರೆ ಕಾಯುವ ಧೈರ್ಯ ಬರುತ್ತದೆ. 1828ರಲ್ಲಿ ಸ್ಕಾಟ್ಲೆಂಡಿನ ನಾರ್ತ್ ಬೆರಿಕ್ ತೀರದಲ್ಲಿ ಜಾನ್ ಡಾಲಿಯೆಲ್ ಎಂಬ ನಿಸರ್ಗಶಾಸ್ತ್ರಜ್ಞ ಒಂದು ಕೆಂಪು ಎನಿಮೋನ್ ಎತ್ತಿಕೊಂಡು ಬಂದು ಗಾಜಿನ ಜಾಡಿಯಲ್ಲಿ ಸಾಕಿದ. ಆತ 1851ರಲ್ಲಿ ತೀರಿಕೊಂಡ. ಎನಿಮೋನ್ ಕೈಯಿಂದ ಕೈಗೆ ದಾಟಿ ಎಡಿನ್‌ಬರೋದಲ್ಲಿ 1887ರವರೆಗೆ ಬದುಕಿತ್ತು. ಅದನ್ನು ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದರು. ಒಂದು ವ್ಯತ್ಯಾಸ ನೆನಪಿಡಿ. ಆ ಜಾತಿಯ ಮೈಯಲ್ಲಿ ಪಾಚಿ ಇರುವುದಿಲ್ಲ, ಅದಕ್ಕೆ ಬೆಳಕು ಬೇಕಿರಲಿಲ್ಲ, ಊಟ ಮತ್ತು ಶುದ್ಧ ಕಡಲನೀರು ಸಾಕಿತ್ತು. ನಿಮ್ಮದಕ್ಕೆ ಬೆಳಕೇ ಮುಖ್ಯ ಊಟ.

ಹೈಡ್ರೋಮೀಟರಿನ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಅದು ಇರುವುದಕ್ಕಿಂತ ಹೆಚ್ಚು ಉಪ್ಪು ತೋರಿಸುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ತರಿಸಿದರೆ ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಹೊಂದಿಸಿ ಬಿಡಬೇಡಿ. 35 ಪಿಪಿಟಿಯ (ಸಾವಿರ ಭಾಗದಲ್ಲಿ 35 ಭಾಗ ಉಪ್ಪಿನ) ಅಳತೆ ದ್ರಾವಣ ಸಿಗುತ್ತದೆ, ಅದರಲ್ಲಿ ಹೊಂದಿಸಿ.

---

ದಂತವೈದ್ಯ_ದಾವಣಗೆರೆ

ಸ್ಪಂಜು ಹಾಕಿದೆ. ಮುಟ್ಟಿದೆ, ನಿಧಾನವಾಗಿ ಹಿಂದೆ ಸರಿಯಿತು. ಪಾದ ಹಿಡಿದಿದೆ. ವಾಸನೆ ಇಲ್ಲ. ಬುಟ್ಟಿ ಬೋರಲು ಹಾಕಿದ್ದೇನೆ. ತಾಮ್ರ ಯಾವತ್ತೂ ಹಾಕಿಲ್ಲ.

ಮೇಡಂ, ನೀವು ಕೇಳಿದ ರಾತ್ರಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಥರ್ಮಾಮೀಟರ್ ನೋಡುವುದು ಸಂಜೆ ನಾಲ್ಕಕ್ಕೆ, ಚಹಾ ಕುಡಿಯುವಾಗ. ಅದಕ್ಕೇ ನಿನ್ನೆ ರಾತ್ರಿ ಮನೆಗೆ ಹೋಗದೆ ಕ್ಲಿನಿಕ್ಕಿನಲ್ಲೇ, ಆ ತೊಟ್ಟಿಯ ಎದುರಿನ ಬೆಂಚಿನ ಮೇಲೆ ಮಲಗಿದೆ. ರಾತ್ರಿ ಎಂಟೂವರೆಗೆ ಎಸಿ ಆರಿಸಿದಾಗ 26. ಹನ್ನೊಂದಕ್ಕೆ 27. ಎರಡು ಗಂಟೆಗೆ 28.2. ಬೆಳಿಗ್ಗೆ ಆರಕ್ಕೆ 29.4. ಹೊರಗೆ ತಂಪಾದರೂ ಮುಚ್ಚಿದ ಕೋಣೆಯ ಗೋಡೆಗಳು ಬೆಳಗಿನವರೆಗೂ ಬಿಸಿಯನ್ನು ಬಿಡುತ್ತಲೇ ಇದ್ದವು. ಹದಿನಾಲ್ಕು ತಿಂಗಳು ಆ ಮೀನುಗಳು ಇದನ್ನು ಸಹಿಸಿಕೊಂಡವಲ್ಲ ಎಂದು ಮನಸ್ಸಿಗೆ ಬಹಳ ಕಷ್ಟವಾಯಿತು.

ರಿಫ್ರಾಕ್ಟೋಮೀಟರ್ ಸಿಕ್ಕಿತು, ಅಳತೆ ದ್ರಾವಣದಲ್ಲಿ ಹೊಂದಿಸಿ ನೋಡಿದೆ. ನನ್ನ ಹೈಡ್ರೋಮೀಟರ್ 1.025 ಎಂದು ತೋರಿಸುವ ನೀರು ನಿಜವಾಗಿ 1.021. ಮೂರು ಸಲ ನೋಡಿದೆ. ಉಪ್ಪು ಕರಗಿಸಿ ಇವತ್ತೇ ಸರಿಮಾಡಲೇ?

---

ಕಡಲತಡಿ_ಮಂಗಳೂರು

ಬೇಡ, ಬೇಡ. ಒಂದೇ ದಿನದಲ್ಲಿ ಏರಿಸಿದರೆ ಇನ್ನೊಂದು ಆಘಾತ. ದಿನಾ ಆವಿಯಾಗಿ ಕಡಿಮೆಯಾಗುವ ನೀರಿನ ಜಾಗಕ್ಕೆ ಆರ್‌ಒ ನೀರಿನ ಬದಲು 35 ಪಿಪಿಟಿಯ ಉಪ್ಪುನೀರು ಹಾಕುತ್ತಾ ಹೋಗಿ. ಸಂಪ್ ಮೇಲೆ ಎರಡು ಚಿಕ್ಕ ಫ್ಯಾನ್ ಇಟ್ಟು ತಾಪಮಾನ ನಿಯಂತ್ರಕಕ್ಕೆ ಜೋಡಿಸಿ, 26.5 ದಾಟಿದರೆ ತಿರುಗುವಂತೆ. ನೀರು ತಣ್ಣಗಾಗುತ್ತದೆ, ಜೊತೆಗೆ ದಿನಕ್ಕೆ ಮೂರು ನಾಲ್ಕು ಲೀಟರ್ ಆವಿಯಾಗುತ್ತದೆ. ಎಂಟು ಹತ್ತು ದಿನಗಳಲ್ಲಿ ಮೆಲ್ಲಗೆ 1.025 ತಲುಪುತ್ತೀರಿ. ತಲುಪಿದ ದಿನವೇ ಮತ್ತೆ ಆರ್‌ಒ ನೀರಿಗೆ ಮರಳಬೇಕು, ಮರೆತರೆ ಉಪ್ಪು ಏರುತ್ತಲೇ ಹೋಗುತ್ತದೆ. ತೊಟ್ಟಿಯ ಮೇಲೆ ಚೀಟಿ ಅಂಟಿಸಿ. ಸಂಪ್‌ನಲ್ಲಿ ಒಂದು ಚೀಲ ಆಕ್ಟಿವೇಟೆಡ್ ಕಾರ್ಬನ್ (ಕಲ್ಮಶ ಹೀರುವ ಇದ್ದಿಲು) ಇಡಿ. ಭಾನುವಾರವೂ ಯಾರಾದರೂ ಹೋಗಿ ನೋಡಿ ಬರಲಿ.

ಅದು ಬಿಟ್ಟು ಕೈ ಹಾಕಬೇಡಿ. ಬುಟ್ಟಿ ಎತ್ತಿ ಎತ್ತಿ ನೋಡಬೇಡಿ.

---

ಉಪ್ಪುನೀರು_ಬೆಂಗಳೂರು

ಓದುತ್ತಿದ್ದೇನೆ. ಹೊರಗೆ ತೆಗೆಯಿರಿ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಸರ್. ನನ್ನದರಲ್ಲಿ ನಾನು ಉಪ್ಪನ್ನೇ ಅಳೆದಿರಲಿಲ್ಲ. ನನ್ನ ಬಳಿ ಇರುವುದೂ ಅದೇ ಮುಳ್ಳಿನ ಹೈಡ್ರೋಮೀಟರ್. ನಾಳೆಯೇ ಬೇರೆ ತರುತ್ತೇನೆ.

---

ದಂತವೈದ್ಯ_ದಾವಣಗೆರೆ

ಹತ್ತೊಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಒಂಬತ್ತನೆಯ ದಿನ 1.025 ಮುಟ್ಟಿತು, ಚೀಟಿ ನೋಡಿ ಆರ್‌ಒ ನೀರಿಗೆ ಮರಳಿದೆ. ರಾತ್ರಿಯ ಬಿಸಿ ಈಗ 27.3 ದಾಟುತ್ತಿಲ್ಲ. ಸಹಾಯಕಿಯ ಮನೆ ಹತ್ತಿರವೇ ಇರುವುದರಿಂದ ಭಾನುವಾರ ಮಧ್ಯಾಹ್ನ ಅವರು ಬಂದು ನೋಡಿ ಫೋಟೋ ಕಳಿಸುತ್ತಾರೆ.

ಮೊದಲ ವಾರ ಏನೂ ಬದಲಾಗಲಿಲ್ಲ. ಒಂದು ದಿನವಂತೂ ನೆಲ್ಲಿಕಾಯಿಯಷ್ಟಾಗಿ ಮುದುಡಿತ್ತು. ಕಪಾಟಿನ ಬೀಗದ ಕೈ ಹಿಡಿದುಕೊಂಡು ನಿಂತಿದ್ದೆ, ನಿಮ್ಮ ಪತ್ರ ಮತ್ತೊಮ್ಮೆ ಓದಿ ಕೆಳಗಿಟ್ಟೆ. ಹನ್ನೆರಡನೆಯ ದಿನ ಬಾಯಿ ಗೆರೆಯಷ್ಟು ಸಣ್ಣದಾಯಿತು. ಹದಿನೈದರಂದು ಪೂರ್ತಿ ಮುಚ್ಚಿತು. ಈಗ ಬೆರಳುಗಳು ಗಿಡ್ಡವಾಗಿ ತುಂಬಿಕೊಂಡಿವೆ, ಕೈಗವಸಿಗೆ ಅಂಟುತ್ತವೆ. ಮೊನ್ನೆ ಬೇಳೆಯಷ್ಟು ಸಿಗಡಿ ಕೊಟ್ಟೆ, ಮೂರು ದಿನವಾದರೂ ಉಗುಳಿಲ್ಲ. ಬಣ್ಣ ಇನ್ನೂ ಕೆನೆಯೇ. ಬುಡದಲ್ಲಿ ಮಾತ್ರ ತೆಳು ಕಂದು ಕಾಣುತ್ತಿದೆ, ಅಥವಾ ನನ್ನ ಆಸೆ ಹಾಗೆ ಕಾಣಿಸುತ್ತಿದೆಯೋ ತಿಳಿಯದು.

ಹೆಣ್ಣು ಕ್ಲೌನ್ ಮೀನು ಬುಟ್ಟಿಯ ಸುತ್ತಲೇ ಇರುತ್ತದೆ, ರಾತ್ರಿ ಅದರ ತೂತುಗಳಿಗೆ ಮೈ ಆನಿಸಿ ಮಲಗುತ್ತದೆ. ಬುಟ್ಟಿ ಯಾವಾಗ ತೆಗೆಯಬಹುದು?

---

ಕಡಲತಡಿ_ಮಂಗಳೂರು

ಇದನ್ನು ಓದಿ ಕಣ್ಣು ತುಂಬಿ ಬಂತು, ಡಾಕ್ಟರೇ. ಬುಡದಿಂದಲೇ ಕಂದು ಮೊದಲಾದದ್ದನ್ನು ನನ್ನದರಲ್ಲೂ ನೋಡಿದ್ದೇನೆ, ಹಾಗಾಗಿ ನಿಮ್ಮ ಕಣ್ಣನ್ನು ನಂಬಿ. ಪೂರ್ತಿ ಬಣ್ಣ ಬರಲು ತಿಂಗಳುಗಳೇ ಬೇಕು. ದೀಪವನ್ನು ಈ ವಾರ ಇನ್ನೊಂದಿಷ್ಟು ಏರಿಸಿ, ನೆರಳಿನಿಂದ ಅದು ತಾನಾಗಿ ಹೊರಗೆ ಬಂದರೆ ಬೆಳಕು ಬೇಕೆನ್ನುತ್ತಿದೆ ಎಂದರ್ಥ.

ಬುಟ್ಟಿ ಇನ್ನೂ ಎರಡು ವಾರ ಇರಲಿ. ಐದಾರು ಊಟ ಉಗುಳದೆ ಜೀರ್ಣಿಸಿಕೊಂಡ ಮೇಲೆ, ನೀವು ಇಡೀ ದಿನ ಕ್ಲಿನಿಕ್ಕಿನಲ್ಲಿರುವ ದಿನ ನೋಡಿ, ಬೆಳಿಗ್ಗೆಯೇ ತೆಗೆಯಿರಿ. ಸಂಜೆಯೊಳಗೆ ಮತ್ತೆ ಕುಗ್ಗಿದರೆ ಬುಟ್ಟಿ ವಾಪಸ್. ಸ್ಪಂಜು ಮಾತ್ರ ಯಾವತ್ತೂ ತೆಗೆಯಬೇಡಿ, ವಾರಕ್ಕೊಮ್ಮೆ ತೊಳೆದು ಹಾಕಿ.

ಮೀನು ಒಳಗೆ ಮಲಗಿದ ಮೊದಲ ದಿನದ ಫೋಟೋ ಇಲ್ಲಿ ಹಾಕಿ.